ಮಚಾನು, ಮಾಳ ಮತ್ತು ಒಂದು ಹಳೆಯ ಸಾಲ



ಬಹಳ ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಬ್ರಿಟಿಷರ ಕಾಲದ ಶಿಕಾರಿಯ ಪ್ರಸ್ತಾಪ ಬಂದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ರಾತ್ರಿಯಿಡೀ ಮರದ ಮೇಲೆ ಕೂತರೆ ಕಾಲು ಜೋಮು ಹಿಡಿಯುವುದಿಲ್ಲವೇ?" ಎಂದು ಕೇಳಿದ್ದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು ಪಾಠ ಮುಂದುವರಿಸಿದೆ. ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಉತ್ತರ ಹೇಳದಿರಲು ನನಗೆ ಬೇರೆಯೇ ಕಾರಣವಿತ್ತು. ಅದನ್ನು ಕಡೆಯಲ್ಲಿ ಹೇಳುತ್ತೇನೆ.

ಬೇಟೆಗಾರರು ಮರದ ಮೇಲೆ ಕಟ್ಟಿಕೊಳ್ಳುತ್ತಿದ್ದ ಅಟ್ಟಣೆಗೆ 'ಮಚಾನು' ಎಂದು ಹೆಸರು. ಹಿಂದಿಯಿಂದ ಬಂದ ಈ ಶಬ್ದಕ್ಕೂ ನಮ್ಮ ಮನೆಯ ಮಂಚಕ್ಕೂ ಮೂಲ ಒಂದೇ, ಸಂಸ್ಕೃತದ 'ಮಂಚ'. ಈ ನಂಟು ಹೆಸರಿಗಷ್ಟೇ ಸೀಮಿತವಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ತಮ್ಮ ಅನುಭವಗಳಲ್ಲಿ ಹಗ್ಗದ ಚಾರ್ಪಾಯಿ ಮಂಚವನ್ನೇ ಮರಕ್ಕೆ ಕಟ್ಟಿ ಮಚಾನು ಮಾಡಿಕೊಂಡ ಪ್ರಸಂಗಗಳನ್ನು ಬರೆದಿದ್ದಾರೆ. ಪೂರ್ಣಚಂದ್ರ ತೇಜಸ್ವಿಯವರ ಅನುವಾದಗಳಲ್ಲಿ ಅವುಗಳನ್ನು ಓದಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಹಲಗೆ ಅಲುಗಿದರೆ ಕಿರುಗುಟ್ಟುತ್ತದೆ, ಹಗ್ಗದ ನೇಯ್ಗೆಯಾದರೋ ಸದ್ದಿಲ್ಲದೆ ಮೈಗೆ ಒಗ್ಗಿಕೊಳ್ಳುತ್ತದೆ. ಹುಲಿಗಾಗಿ ಕಾಯುವವನಿಗೆ ಸುಖಾಸನವೆಂಬುದು ಭೋಗವಾಗಿರಲಿಲ್ಲ. ಕಾಲು ಮರಗಟ್ಟಿದವನು ಅಲುಗಾಡಲೇಬೇಕು. ಅಲುಗಾಡಿದರೆ ಮೃಗ ಎಚ್ಚರಗೊಳ್ಳುತ್ತದೆ.

ಜಿಮ್ ಕಾರ್ಬೆಟ್ಟರಿಗೆ ಈ ಕಷ್ಟ ಚೆನ್ನಾಗಿ ತಿಳಿದಿತ್ತು. 1918ರಿಂದ 1926ರವರೆಗೆ 125 ಜನರನ್ನು ಕೊಂದ ರುದ್ರಪ್ರಯಾಗದ ಚಿರತೆಗಾಗಿ ಅವರು ಅಲಕನಂದಾ ನದಿಯ ತೂಗುಸೇತುವೆಯ ಗೋಪುರದ ನೆತ್ತಿಯಲ್ಲಿ, ಹಿಡಿದುಕೊಳ್ಳಲು ಆಸರೆಯಿಲ್ಲದೆ, ಕೊರೆಯುವ ಗಾಳಿಯಲ್ಲಿ 20 ರಾತ್ರಿ ಕಾದರು. ಚಿರತೆ ಸಿಗಲಿಲ್ಲ. ಕೊನೆಗೆ 1926ರ ಮೇ ತಿಂಗಳಲ್ಲಿ ಗೋಲಬ್ರಾಯ್ ಬಳಿಯ ಮಾವಿನ ಮರದ ಮಚಾನಿನಿಂದ ಅದನ್ನು ಹೊಡೆದರು.

ಮುಂದೆ 1970ರಲ್ಲಿ ದೇಶದಲ್ಲಿ ಹುಲಿಬೇಟೆ ನಿಷೇಧವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1973ರಲ್ಲಿ ಆರಂಭವಾದ ಹುಲಿ ಯೋಜನೆಯ ಮೊದಲ ಅರಣ್ಯಗಳಲ್ಲಿ ನಮ್ಮ ಬಂಡೀಪುರವೂ ಒಂದು. ಬಂದೂಕು ಹಿಡಿದು ಕೂರುತ್ತಿದ್ದ ಮಚಾನುಗಳ ಮೇಲೆ, ನೀರಿನ ಹೊಂಡಕ್ಕೆ ಬರುವ ಪ್ರಾಣಿಗಳನ್ನು ಎಣಿಸುವವರು ಕುಳಿತರು.

ಆದರೆ ಶಿಕಾರಿ ಸಾಹೇಬರಿಗಿಂತ ಎಷ್ಟೋ ಮೊದಲಿನಿಂದ, ಅವರಿಗಿಂತ ಎಷ್ಟೋ ಹೆಚ್ಚು ರಾತ್ರಿಗಳನ್ನು ಅಟ್ಟಣೆಯ ಮೇಲೆ ಕಳೆದವನು ನಮ್ಮ ರೈತ. ಮಲೆನಾಡಿನ ನಮ್ಮ ಕಡೆ ಅದಕ್ಕೆ 'ಮಾಳ' ಎನ್ನುತ್ತೇವೆ. ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿ ಕಾಯಲು ಮಾಳ ಹತ್ತುವುದು ಪ್ರತಿ ಮನೆಯ ಪಾಡು. ಬೇಟೆಯ ಪುಸ್ತಕಗಳಂತೆ ಮಾಳದ ಪುಸ್ತಕಗಳಿಲ್ಲ. ಅದರ ವಿದ್ಯೆ ಬಾಯಿಂದ ಬಾಯಿಗೆ ಬಂದದ್ದು.

ಆ ವಿದ್ಯೆಯಲ್ಲಿ ನನಗೆ ಗುರುಗಳೆಂದರೆ ನಮ್ಮ ದೊಡ್ಡಪ್ಪ. ದುಂಡು ಬಿದಿರನ್ನು ಹಾಗೆಯೇ ಹಾಸಿದರೆ ಇಬ್ಬನಿ ಬಿದ್ದ ಮೇಲೆ ಕಾಲು ಜಾರುತ್ತದೆ. ಆದ್ದರಿಂದ ಅಡಿಕೆ ಮರದ ದಬ್ಬೆ ಸೀಳಿ, ಒರಟಾದ ಒಳಮೈ ಮೇಲೆ ಬರುವಂತೆ ಹೊಂದಿಸುತ್ತಿದ್ದರು. ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಗೋಣಿತಾಟು, ಕೊನೆಗೆ ಕಂಬಳಿ. ಅಂಚಿನಿಂದ ಕೆಳಗೆ ಪಾದವೂರಲು ಅಡ್ಡಗಳು ಕಟ್ಟುತ್ತಿದ್ದರು. ಕಾಲು ಜೋತುಬಿದ್ದರೆ ತೊಡೆಯ ಕೆಳಗೆ ಅಂಚು ಒತ್ತಿ ಜೋಮು ಹಿಡಿಯುತ್ತದೆ. ಪಾದಕ್ಕೆ ಆಸರೆಯಿದ್ದರೆ ಆ ಭಾರ ಇಳಿಯುತ್ತದೆ. ಹಿಂದಿನ ಬೆಂಚಿನ ಹುಡುಗನಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದೇ.

ಹಸಿ ಬಿದಿರಿನ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಹಸಿಯದು ಒಣಗುತ್ತ ಕುಗ್ಗುತ್ತದೆ, ಕುಗ್ಗಿದಂತೆ ಕಟ್ಟು ಸಡಿಲವಾಗುತ್ತದೆ. ಹಾಗಾಗಿ ಹೊಸ ಮಾಳದ ಕಟ್ಟುಗಳನ್ನು ಆಗಾಗ ಬಿಗಿಮಾಡಬೇಕು.

1971ರ ಕಾರ್ತಿಕ ಮಾಸ. ನನಗೆ ಆಗ ಹನ್ನೊಂದು ವರ್ಷ. "ಸಂಜೆ ಹೋಗಿ ಕಟ್ಟು ಬಿಗಿ ಇದೆಯೇನೋ ನೋಡ್ಕಂಡು ಬಾ ಮಾರಾಯ" ಎಂದು ದೊಡ್ಡಪ್ಪ ನನ್ನನ್ನು ಕಳುಹಿಸಿದ್ದರು. ನಾನು ಗದ್ದೆಯವರೆಗೂ ಹೋಗಲಿಲ್ಲ. ಹಳ್ಳದಲ್ಲಿ ಏಡಿ ಹಿಡಿದು ಹಿಂದಿರುಗಿ, "ನೋಡಿದೆ, ಬಿಗಿ ಇದೆ" ಎಂದೆ. ಆ ರಾತ್ರಿ ಅವರು ಕಾಲೂರಿದ ಅಡ್ಡಗಳು ಜಾರಿತು. ಎರಡಾಳು ಎತ್ತರದಿಂದ ಕೆಳಗೆ ಬಿದ್ದರು. ನಾಟಿ ವೈದ್ಯರು ಮೂಳೆ ಕೂರಿಸಿ ಕಟ್ಟಿದರೂ ಬಲಗಾಲು ಮೊದಲಿನಂತಾಗಲಿಲ್ಲ. ಮುಂದೆ ಇದ್ದಷ್ಟು ಕಾಲವೂ ಕೋಲು ಹಿಡಿದೇ ನಡೆದರು.

ಬಿದ್ದದ್ದು ಹೇಗೆಂದು ಯಾರು ಕೇಳಿದರೂ ಅವರು, "ಇಬ್ಬನಿ, ಕಾಲು ಜಾರಿತು" ಎನ್ನುತ್ತಿದ್ದರು. ದಬ್ಬೆಯ ಮೇಲೆ ಕಾಲು ಜಾರದಂತೆ ಮಾಡುವುದನ್ನು ನನಗೆ ಕಲಿಸಿದವರೇ ಅವರು. ನಿಜ ಅವರಿಗೆ ತಿಳಿದಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ. ಮರುವರ್ಷ ಹೊಸ ಮಾಳ ಕಟ್ಟುವಾಗ ಕೆಳಗೆ ನಿಂತು, ಒಂದೊಂದು ಕಟ್ಟನ್ನೂ ನನ್ನ ಕೈಯಿಂದಲೇ ಹಾಕಿಸಿದರು. ಬೈಯಲಿಲ್ಲ.

ದೊಡ್ಡಪ್ಪನ ಮಕ್ಕಳಾದ ಅಣ್ಣಂದಿರೂ ಅಕ್ಕನೂ ಇದನ್ನು ಓದುತ್ತಾರೆ. ಅವರ ಮುಂದೆ ಇಷ್ಟು ವರ್ಷ ಹೇಳಲಾಗದ್ದನ್ನು ಚರಿತ್ರೆಯ ಪಾಠದ ನೆಪದಲ್ಲಿ ಹೇಳಿದ್ದೇನೆ. ಮುಂದಿನ ಹಬ್ಬಕ್ಕೆ ಊರಿಗೆ ಬಂದಾಗ ಎದುರು ಕುಳಿತೂ ಹೇಳುವೆ.