ಹೋಬಳಿ ಶಾಲೆಯಿಂದ ಪತ್ತೇದಾರ ಪುರುಷೋತ್ತಮನವರೆಗೆ

ಮಾಗಡಿ ತಾಲ್ಲೂಕಿನ ಕುದೂರು ಭೈರವನದುರ್ಗದ ನೆರಳಿನ ಹೋಬಳಿ ಊರು. ಹೋಬಳಿ ಎಂದೊಡನೆ ನಮಗೆ ನೆನಪಾಗುವುದು ಪಹಣಿ, ಕಂದಾಯ, ನಾಡಕಚೇರಿ. ಆದರೆ ಕನ್ನಡ ಓದುಗನ ಚರಿತ್ರೆಯಲ್ಲಿ ಈ ಮಾತಿಗೆ ಇನ್ನೊಂದು ಸ್ಥಾನವೂ ಇದೆ. 1868ರಲ್ಲಿ, ಕಮಿಷನರ ಆಳ್ವಿಕೆಯಲ್ಲಿದ್ದ ಮೈಸೂರಿನಲ್ಲಿ, ಪ್ರತಿ ಹೋಬಳಿಗೂ ಒಂದು ಸರ್ಕಾರಿ ಶಾಲೆ ಬರಬೇಕೆಂಬ ಯೋಜನೆ ಜಾರಿಗೆ ಬಂದಿತು. ಅಲ್ಲಿಯವರೆಗೆ ಹಳ್ಳಿಯ ಹುಡುಗನಿಗೆ ಓದು ಎಂದರೆ ಕೂಲಿಮಠ, ಮರಳಿನ ಮೇಲೆ ತಿದ್ದುವ ಅಕ್ಷರ, ಬಾಯಿಪಾಠದ ಮಗ್ಗಿ. ಅಚ್ಚಾದ ಪುಸ್ತಕ ಅವನ ಕೈಗೆ ನಿಯಮದಂತೆ ಬರತೊಡಗಿದ್ದು ಇಂಥ ಶಾಲೆಗಳಿಂದ.

ಈ ಯೋಜನೆಯನ್ನು ಜಾರಿಗೆ ತಂದವರು ಬಿ. ಎಲ್. ರೈಸ್. ಶಾಸನಗಳ ರೈಸ್ ಎಂದೇ ನಾವು ಅವರನ್ನು ಬಲ್ಲೆವು. 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟದಲ್ಲಿ ಮಾಗಡಿ ಸೀಮೆಯ ಕಲ್ಲುಗಳೂ ಸೇರಿವೆ. ಜೈನರಿಗೂ ಶ್ರೀವೈಷ್ಣವರಿಗೂ ಬುಕ್ಕರಾಯ 1368ರಲ್ಲಿ ಮಾಡಿಸಿದ ರಾಜಿಯನ್ನು ಹೇಳುವ ಕಲ್ಯದ ಶಾಸನ ಅವುಗಳಲ್ಲೊಂದು. ಸವೆದ ಅಕ್ಷರಗಳನ್ನು ಒಂದೊಂದಾಗಿ ಹಿಡಿದು ಶತಮಾನಗಳ ಹಿಂದಿನ ಜಗಳವನ್ನು ಹೊರಗೆಳೆದ ಆ ಕೆಲಸವೂ ಒಂದು ಬಗೆಯ ಪತ್ತೇದಾರಿಯೇ ಸರಿ.

ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರಲ್ಲಿ. ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿ. ಸುಮಾರು ಅರ್ಧ ಶತಮಾನ ಇಲ್ಲೇ ಇದ್ದು ಕನ್ನಡ ಕಲಿತವರು, ಶಾಲೆಗಳನ್ನು ನಡೆಸಿದವರು. ಬೆಂಗಳೂರಿನ ಅವೆನ್ಯೂ ರಸ್ತೆಯ ಗದ್ದಲದ ನಡುವೆ ನಿಂತಿರುವ ರೈಸ್ ಸ್ಮಾರಕ ಚರ್ಚಿಗೆ ಅವರದೇ ಹೆಸರು. ಈಗಿನ ಕಟ್ಟಡ 20ನೆಯ ಶತಮಾನದ ಎರಡನೆಯ ದಶಕದ್ದು. ಚಿಕ್ಕಪೇಟೆಗೆ ಸೀರೆ ಕೊಳ್ಳಲು ಬರುವ ಸಾವಿರಾರು ಜನ ಅದರ ಮುಂದೆಯೇ ಹಾದು ಹೋಗುತ್ತಾರೆ. ತಲೆಯೆತ್ತಿ ನೋಡುವವರು ಕಡಿಮೆ. ಅದೇ ರಸ್ತೆ ಹಳೆಯ ಪುಸ್ತಕಗಳ ಬೀದಿಯೂ ಹೌದು. ತಂದೆಯ ಹೆಸರಿನ ಚರ್ಚು, ಮಗನ ಶಾಲೆಗಳಲ್ಲಿ ಓದು ಕಲಿತವರ ಮಕ್ಕಳು ಮೊಮ್ಮಕ್ಕಳು ಪುಸ್ತಕಕ್ಕಾಗಿ ಅಲೆಯುವ ಬೀದಿ, ಎರಡೂ ಒಂದೇ ಕಡೆ ಕೂಡಿರುವುದು ಆಕಸ್ಮಿಕವಾದರೂ ಸೊಗಸಾಗಿದೆ.

ಮಿಷನ್ನಿನವರು ಕನ್ನಡಕ್ಕೆ ಅಚ್ಚಿನ ಮೊಳೆ ಕೊಟ್ಟರು, ನಿಘಂಟು ಕೊಟ್ಟರು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನೂ ಕೊಟ್ಟರು. ಕಥೆಯನ್ನು ಮಾತ್ರ ಅಳೆದು ತೂಗಿ ಕೊಟ್ಟರು. 1847ರಲ್ಲಿ ಬಂದ 'ಯಾತ್ರಿಕನ ಸಂಚಾರ' ಜಾನ್ ಬನ್ಯನ್ನನ ಗ್ರಂಥದ ಅನುವಾದ. ಅಲ್ಲಿ ಕಥೆಯಿರುವುದು ನೀತಿಯನ್ನು ಹೊತ್ತೊಯ್ಯುವುದಕ್ಕೆ. ಮುಂದೇನಾಯಿತು ಎಂಬ ಕುತೂಹಲಕ್ಕೆಂದೇ ಬರೆದ ಪುಸ್ತಕವನ್ನು ಆ ಕಾಲದ ಪಾದ್ರಿಗಳಿಂದ ನಿರೀಕ್ಷಿಸುವುದು ನ್ಯಾಯವೂ ಅಲ್ಲ.

ಸೋಜಿಗವೆಂದರೆ, ಬನ್ಯನ್ನನ ತಾಯ್ನಾಡಿನಲ್ಲಿ ಮುಂದೆ ಚರ್ಚಿಗೂ ಪತ್ತೇದಾರಿ ಕಥೆಗೂ ಗಾಢವಾದ ನಂಟು ಬೆಳೆಯಿತು. ಚೆಸ್ಟರ್ಟನ್ನನ ಫಾದರ್ ಬ್ರೌನ್ 1911ರಲ್ಲಿ ಪುಸ್ತಕರೂಪದಲ್ಲಿ ಬಂದ; ತಪ್ಪೊಪ್ಪಿಗೆ ಕೇಳಿ ಕೇಳಿ ಮನುಷ್ಯನ ಕೇಡನ್ನು ಅರಿತ ಈ ಪಾದ್ರಿಗೆ ಭೂತಗನ್ನಡಿಯೇ ಬೇಕಿರಲಿಲ್ಲ. ಓದುಗನಿಂದ ಸುಳಿವು ಮುಚ್ಚಿಡಬಾರದು ಎಂಬುದೂ ಸೇರಿದಂತೆ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆಗಳನ್ನು ಬರೆದ ರೊನಾಲ್ಡ್ ನಾಕ್ಸ್ ಸ್ವತಃ ಪಾದ್ರಿ. ಡೊರೊತಿ ಸೇಯರ್ಸ್ 1934ರ ಕಾದಂಬರಿಯೊಂದನ್ನು ಚರ್ಚಿನ ಗಂಟೆಗಳ ಸುತ್ತಲೇ ಹೆಣೆದಳು. ಊರಿನ ಹಳೆಯ ಚರ್ಚೇ ಅಲ್ಲಿ ಸಭೆ ಸಮಾರಂಭಗಳಿಗೂ ಜಾಗವಾದ್ದರಿಂದ, ಮಕ್ಕಳಿಗೆ ರಹಸ್ಯಕಥೆ ಬರೆಯುವ ಲೇಖಕರು ಚರ್ಚಿನಲ್ಲಿ ಕುಳಿತು ಪುಸ್ತಕ ಓದುವುದು, ಹುಡುಗರ ಪ್ರಶ್ನೆಗಳಿಗೆ ಉತ್ತರಿಸುವುದು ಅಲ್ಲಿನವರಿಗೆ ಅಚ್ಚರಿಯಲ್ಲ.

ಕನ್ನಡದ ಪತ್ತೇದಾರನಿಗೆ ಇಂಥ ಆಶ್ರಯ ಎಲ್ಲಿಯೂ ಸಿಕ್ಕಲಿಲ್ಲ, ಚರ್ಚಿನಲ್ಲೂ ಇಲ್ಲ, ಸಾಹಿತ್ಯ ಪರಿಷತ್ತಿನಲ್ಲೂ ಇಲ್ಲ. ಅವನು ಬೆಳೆದದ್ದು ಬಾಡಿಗೆ ಪುಸ್ತಕದಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ. 1950ರ ದಶಕದಲ್ಲಿ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿದರು. ನಾಲ್ಕನೆಯ ತರಗತಿಯಾಚೆಗೆ ಶಾಲೆ ಕಾಣದ ಮನುಷ್ಯ 500ರ ಆಸುಪಾಸು ಕಾದಂಬರಿಗಳನ್ನು ಬರೆದರು. ಅದೇ ದಾರಿಯಲ್ಲಿ ಮ. ರಾಮಮೂರ್ತಿಯವರೂ ನಡೆದರು, ಹಳದಿ ಕೆಂಪು ಬಣ್ಣದ ಕನ್ನಡ ಬಾವುಟವನ್ನು ರೂಪಿಸಿದವರೆಂದು ನೆನೆಯುವ ನಾವು ಅವರ ಪತ್ತೇದಾರಿ ಕಾದಂಬರಿಗಳನ್ನು ಮರೆತಿದ್ದೇವೆ. 'ಬಂಗಾರದ ಮನುಷ್ಯ'ದ ಮೂಲ ಕಾದಂಬರಿಕಾರ ಟಿ. ಕೆ. ರಾಮರಾಯರ ಕೈಯೂ ಇದರಲ್ಲಿ ಪಳಗಿತ್ತು.

ಇವರು ಯಾರೂ ಈ ಕಾದಂಬರಿಗಳನ್ನು ಮಕ್ಕಳಿಗೆಂದು ಬರೆದವರಲ್ಲ. ಓದಿದವರಲ್ಲಿ ಮಾತ್ರ ಮಕ್ಕಳು ದಂಡಿಯಾಗಿದ್ದರು. ಭೂಗೋಳದ ಪುಸ್ತಕದ ನಡುವೆ ಪುರುಷೋತ್ತಮ. ಅಪ್ಪ ಬಂದರೆ ಭೂಗೋಳ, ಹೋದರೆ ಕೊಲೆಗಾರನ ಬೆನ್ನಟ್ಟುವಿಕೆ. ಬಾಡಿಗೆ ಪ್ರತಿಯ ಕೊನೆಯ ಹಾಳೆ ಯಾರೋ ಹರಿದುಕೊಂಡು ಹೋಗಿದ್ದರಂತೂ ಕೊಲೆಗಿಂತ ದೊಡ್ಡ ಅಪರಾಧ! ಕನ್ನಡವನ್ನು ತಡವರಿಸದೆ, ಓಡಿಸಿಕೊಂಡು ಓದುವ ಅಭ್ಯಾಸ ಎಷ್ಟೋ ಜನರಿಗೆ ಬಂದದ್ದು ಪಠ್ಯಪುಸ್ತಕದಿಂದಲ್ಲ, ಇಂಥ ಕದ್ದೋದಿನಿಂದ. ಹೋಬಳಿ ಶಾಲೆ ಅಕ್ಷರ ಕಲಿಸಿತು. ಅದನ್ನು ಚಟವಾಗಿಸಿದವನು ಪತ್ತೇದಾರ. ಸಾಹಿತ್ಯ ಚರಿತ್ರೆಕಾರರು ಈ ಎರಡನೆಯ ಮೇಷ್ಟರಿಗೆ ಸಲ್ಲಬೇಕಾದ ಪುಟಗಳನ್ನು ಕೊಟ್ಟಿಲ್ಲ.

ಬಂಗಾಳದಲ್ಲಿ ಹೀಗಾಗಲಿಲ್ಲ. ಸತ್ಯಜಿತ್ ರೇ 1965ರಲ್ಲಿ 'ಸಂದೇಶ್' ಎಂಬ ಮಕ್ಕಳ ಪತ್ರಿಕೆಯಲ್ಲೇ ಫೆಲೂದಾನನ್ನು ಹುಟ್ಟಿಸಿದರು. ಮಕ್ಕಳಿಗೆಂದೇ ಬರೆದ ಆ ಕಥೆಗಳಿಗೆ ರೇ ಅವರಂಥ ದೊಡ್ಡವರ ಹೆಸರು ಇದ್ದುದರಿಂದ ಬಂಗಾಳಿ ಹುಡುಗ ಅವನ್ನು ಬಚ್ಚಿಟ್ಟುಕೊಳ್ಳಬೇಕಾಗಿರಲಿಲ್ಲ. ನಮ್ಮಲ್ಲಿ ಪಂಜೆ ಮಂಗೇಶರಾಯರು 1921ರಲ್ಲೇ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದ್ದರು, ಕಾರಂತರು 1936ರಲ್ಲಿ 'ಬಾಲಪ್ರಪಂಚ' ಕೊಟ್ಟಿದ್ದರು. ಹಾಡು, ನೀತಿ, ವಿಜ್ಞಾನ, ಪುರಾಣ ಎಲ್ಲವೂ ಮಕ್ಕಳ ಪಾಲಿಗೆ ಬಂತು. ಫೆಲೂದಾನಷ್ಟು ಮನೆಮಾತಾದ ಮಕ್ಕಳ ಪತ್ತೇದಾರನೊಬ್ಬ ಮಾತ್ರ ಬರಲಿಲ್ಲ. ಆ ಜಾಗ ಖಾಲಿ ಬಿದ್ದಾಗ ಇಂಗ್ಲಿಷ್ ಓದಬಲ್ಲ ಪೇಟೆಯ ಮಗು ಎನಿಡ್ ಬ್ಲೈಟನ್‌ಳತ್ತ ತಿರುಗಿತು. ಕುದೂರಿನಂಥ ಊರಿನ ಮಗುವಿಗೆ ಆ ದಾರಿಯೂ ಸುಲಭವಾಗಿರಲಿಲ್ಲ.

ನರಸಿಂಹಯ್ಯನವರು 2011ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ವೇಳೆಗೆ ಬಾಡಿಗೆ ಪುಸ್ತಕದಂಗಡಿಗಳ ಕಾಲ ಬಹುಮಟ್ಟಿಗೆ ಮುಗಿದಿತ್ತು. ಅಗ್ಗದ ಕಾಗದದ ಆ ಪುಸ್ತಕಗಳನ್ನು ಜೋಪಾನ ಮಾಡಬೇಕೆಂದು ಆಗ ಹೆಚ್ಚಿನವರಿಗೆ ಅನ್ನಿಸಿರಲಿಲ್ಲ. ನೂರು ಕೈ ದಾಟಿ, ಹೊಲಿಗೆ ಬಿಚ್ಚಿ, ಕೊನೆಗೆ ತೂಕದ ಲೆಕ್ಕಕ್ಕೆ ಹೋದವೇ ಹೆಚ್ಚು. ಅಲ್ಲೊಂದು ಇಲ್ಲೊಂದು ಉಳಿದುಕೊಂಡ ಪ್ರತಿಯನ್ನು ಹುಡುಕಬೇಕೆಂದರೆ ಇಂದಿಗೂ ಹಳೆಯ ಪುಸ್ತಕದ ವ್ಯಾಪಾರಿಗಳನ್ನೇ ಕೇಳಬೇಕು. ಸಿಕ್ಕಿದರೆ ಮೊದಲು ನೋಡಬೇಕಾದದ್ದು ಕೊನೆಯ ಹಾಳೆ ಇದೆಯೇ ಎಂದು.