ಕಂಟ್ರೋಲ್–ಆಲ್ಟ್ ಜೋಡಿಯ ಪೂರ್ವವೃತ್ತಾಂತ

ಕೀಲಿಮಣೆಯ ಮೇಲೆ ಎರಡು ಮೂರು ಕೀಲಿಗಳನ್ನು ಏಕಕಾಲದಲ್ಲಿ ಅದುಮಿ, ಮೆನುಗಳ ಪಟ್ಟಿಯನ್ನೂ ಮೌಸಿನ ಅಲೆದಾಟವನ್ನೂ ಬದಿಗಿರಿಸಿ, ಬೇಕಾದ ತಂತ್ರಾಂಶವನ್ನು ಕ್ಷಣಮಾತ್ರದಲ್ಲಿ ತೆರೆಯುವ ಪದ್ಧತಿಯು ಇಂದು ಕಚೇರಿಯ ಗುಮಾಸ್ತರಿಗೂ ಶಾಲೆಯ ಹುಡುಗರಿಗೂ ಪರಿಚಿತವಾದುದೇ ಆಗಿದೆ. ಆದರೆ ಈ ಕಾರ್ಯಕ್ಕೆ ವಿಂಡೋಸ್ ಗಣಕಗಳಲ್ಲಿ ಕಂಟ್ರೋಲ್ ಮತ್ತು ಆಲ್ಟ್ ಎಂಬ ಜೋಡಿಯೇ ಏಕೆ ನಿಯುಕ್ತವಾಯಿತೆಂದು ವಿಚಾರಿಸಹೊರಟರೆ, ಯಾವನೊಬ್ಬ ವಿನ್ಯಾಸಕನ ದೂರಾಲೋಚನೆಯೂ ಗೋಚರಿಸುವುದಿಲ್ಲ. ಅನುಕೂಲವಾದ ಎಡೆಗಳೆಲ್ಲ ಮುಂಚೆ ಬಂದವರ ಪಾಲಾದಮೇಲೆ, ಸಂತೆಗೆ ಹೊತ್ತು ಮೀರಿ ಬಂದ ವ್ಯಾಪಾರಿಯು ಮೂಲೆಯಲ್ಲಿ ಗೋಣಿ ಹಾಸಿ ಕೂಡುವಂತೆ, ಉಳಿದ ಜಾಗದಲ್ಲಿ ನೆಲಸಿದ ಕಥೆಯೇ ಅದು.

ಮುಂಚೆ ಬಂದದ್ದು ಕಂಟ್ರೋಲ್. ಅದು ದೂರಮುದ್ರಕಗಳ ಕಾಲದ ಆಸ್ತಿ. 1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಎಂಬ ಸಂಕೇತಮಾಲೆಯು ರೂಪುಗೊಂಡಾಗ, ಮೊದಲ 32 ಸಂಖ್ಯೆಗಳನ್ನು ಅಕ್ಷರಗಳಿಗೆ ಕೊಡದೆ ಯಂತ್ರಕ್ಕೆ ಆಜ್ಞೆಮಾಡುವುದಕ್ಕಾಗಿ ಕಾದಿರಿಸಿದರು. ಜಿ ಅಕ್ಷರದ ಸಂಖ್ಯೆ 71. ಕಂಟ್ರೋಲ್ ಕೀಲಿಯನ್ನು ಅದುಮಿಕೊಂಡು ಅದನ್ನು ಒತ್ತಿದರೆ 64 ಕಳೆದು 7 ಮಾತ್ರ ಉಳಿಯುವುದು. ಆ 7 ತಂತಿಯ ಇನ್ನೊಂದು ತುದಿಯನ್ನು ಮುಟ್ಟಿದೊಡನೆ ಅಲ್ಲಿಯ ದೂರಮುದ್ರಕದಲ್ಲಿ ನಿಜವಾಗಿಯೇ ಗಂಟೆ ಬಾರಿಸುತ್ತಿತ್ತು. 1978ರಲ್ಲಿ ಬಂದ ವರ್ಡ್‌ಸ್ಟಾರ್ ತಂತ್ರಾಂಶವು, ಬಾಣದ ಕೀಲಿಗಳಿಲ್ಲದ ಯಂತ್ರಗಳಲ್ಲಿಯೂ ಕರ್ಸರನ್ನು ಚಲಿಸುವುದಕ್ಕಾಗಿ, ಇದೇ ಕಂಟ್ರೋಲಿನೊಡನೆ ಇ, ಎಸ್, ಡಿ, ಎಕ್ಸ್ ಅಕ್ಷರಗಳನ್ನು ವಜ್ರಾಕೃತಿಯಲ್ಲಿ ಬಳಸಿಕೊಂಡಿತು.

1981ರ ಐಬಿಎಂ ಪಿಸಿಯ ಕೀಲಿಮಣೆಯಲ್ಲಿ ಕಂಟ್ರೋಲಿಗೆ ಆಲ್ಟ್ ಜೊತೆಯಾಯಿತು. ಆ ಯಂತ್ರವನ್ನು ನಿರ್ಮಿಸಿದವರಲ್ಲೊಬ್ಬರಾದ ಡೇವಿಡ್ ಬ್ರಾಡ್ಲಿಯವರು ಅದನ್ನು ಮರಳಿ ಆರಂಭಿಸುವುದಕ್ಕೆ ಮೊದಲು ಕಂಟ್ರೋಲ್, ಆಲ್ಟ್, ಎಸ್ಕೇಪ್‌ಗಳನ್ನು ಆರಿಸಿದ್ದರು. ಎಡಗೈಯೊಂದೇ ಅರಿಯದೆ ಈ ಅನರ್ಥವನ್ನು ಮಾಡಿಬಿಡಬಹುದೆಂದು ತಿಳಿದಮೇಲೆ ಮೂರನೆಯದನ್ನು ಬಲತುದಿಯ ಡಿಲೀಟಿಗೆ ಒಯ್ದರು.

ತಂತ್ರಾಂಶವನ್ನು ಬೆರಳಿನಿಂದ ಕರೆಯುವ ವಿದ್ಯೆಯು ಹುಟ್ಟಿದ್ದು ಬಡತನದಿಂದ. ಎಂಎಸ್–ಡಾಸ್ ಒಂದು ಹೊತ್ತಿಗೆ ಒಂದೇ ತಂತ್ರಾಂಶವನ್ನು ನಡೆಸುತ್ತಿದ್ದುದರಿಂದ, ಪತ್ರ ಬರೆಯುತ್ತಿರುವವನಿಗೆ ನಡುವೆ ಒಂದು ಕೂಡುವ ಲೆಕ್ಕ ಬೇಕಾದರೆ, ಪತ್ರವನ್ನು ಉಳಿಸಿ, ಮುಚ್ಚಿ, ಬೇರೊಂದನ್ನು ತೆರೆಯಬೇಕಾಗಿತ್ತು. 1984ರಲ್ಲಿ ಬೋರ್ಲ್ಯಾಂಡ್ ಸಂಸ್ಥೆಯು ಹೊರತಂದ ಸೈಡ್‌ಕಿಕ್ ಈ ಕಟ್ಟನ್ನು ಜಾಣತನದಿಂದ ಮುರಿಯಿತು: ಒಮ್ಮೆ ನಡೆಸಿದರೆ ಅದು ನೆನಪಿನಲ್ಲಿಯೇ ಮಲಗಿದ್ದು, ಪ್ರತಿಯೊಂದು ಕೀಲಿಯ ಸಪ್ಪಳವನ್ನೂ ಆಲಿಸುತ್ತ, ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಒತ್ತಲ್ಪಟ್ಟೊಡನೆ ಎದ್ದು, ಟಿಪ್ಪಣಿಪುಸ್ತಕವನ್ನೂ ಲೆಕ್ಕಯಂತ್ರವನ್ನೂ ದಿನದರ್ಶಿಯನ್ನೂ ಪರದೆಯ ಮೇಲೆ ಹರಡುತ್ತಿತ್ತು. ಮಿಕ್ಕವರು ಅನುಕರಿಸದೆ ಬಿಟ್ಟಾರೆಯೇ! ಇಂಥ ತಂತ್ರಾಂಶಗಳು ನಾಲ್ಕಾರು ಕೂಡಿದಲ್ಲಿ ಎಲ್ಲವೂ ಕೀಲಿಮಣೆಯನ್ನೇ ಆಲಿಸಹೊರಟು, ಕಡೆಯಲ್ಲಿ ಬಂದುದೇ ಮೊದಲು ಕೇಳಿಸಿಕೊಂಡು, ಯಂತ್ರವು ನಿಶ್ಚೇಷ್ಟಿತವಾಗುವ ಪ್ರಸಂಗಗಳೂ ಉಂಟಾಗುತ್ತಿದ್ದವು. ಆದರೂ, ನನ್ನ ಅಭಿಪ್ರಾಯದಲ್ಲಿ, ಈ ಇತಿಹಾಸದ ನಿಜವಾದ ಪ್ರತಿಭೆ ಸೈಡ್‌ಕಿಕ್‌ನದೇ.

ವಿಂಡೋಸ್ ಬಂದಮೇಲೆ ಒಂದು ಹೊತ್ತಿಗೆ ಒಂದೇ ತಂತ್ರಾಂಶವೆಂಬ ಬಡತನವು ನೀಗಿತು, ಕೀಲಿಗಳ ಅಭಾವವು ಮಾತ್ರ ಉಳಿಯಿತು. ಕಂಟ್ರೋಲಿನೊಡನೆಯ ಅಕ್ಷರಗಳು ಆಯಾ ತಂತ್ರಾಂಶದ ಒಳಗಿನ ಆಜ್ಞೆಗಳಿಗೂ ಆಲ್ಟಿನೊಡನೆಯವು ಮೆನುಗಳಿಗೂ ಮೀಸಲಾಗಿದ್ದುದರಿಂದ, ತಂತ್ರಾಂಶಗಳನ್ನು ತೆರೆಯುವುದಕ್ಕೆ ದೊರೆತದ್ದು ಇವೆರಡರ ಜೋಡಿ. ಅದೂ ಸಂಪೂರ್ಣ ಬರಿದಾಗಿರಲಿಲ್ಲ. ಯೂರೋಪಿನ ಕೀಲಿಮಣೆಗಳಲ್ಲಿ ವಿಶೇಷಾಕ್ಷರಗಳನ್ನು ಮೂಡಿಸುವ ಬಲಬದಿಯ ಆಲ್ಟ್ ಕೀಲಿಯನ್ನು ವಿಂಡೋಸ್ ಕಂಟ್ರೋಲ್–ಆಲ್ಟ್ ಎಂದೇ ಗ್ರಹಿಸುತ್ತದೆ. ನಮ್ಮ ದೇಶದ ಇಂಗ್ಲಿಷ್ ವಿನ್ಯಾಸದಲ್ಲಿಯೂ, 2010ರಲ್ಲಿ ಅಂಗೀಕೃತವಾದ ರೂಪಾಯಿಯ ಚಿಹ್ನೆಗೆ ಇದೇ ಜೋಡಿಯೊಡನೆ 4 ಅಂಕಿಯನ್ನು ಗೊತ್ತುಮಾಡಲಾಗಿದೆ.

ಆದುದರಿಂದ, ಡೆಸ್ಕ್‌ಟಾಪಿನ ಮೇಲಿರುವ ಶಾರ್ಟ್‌ಕಟ್‌ನ ಗುಣವಿವರಗಳನ್ನು ತೆರೆದು, ಶಾರ್ಟ್‌ಕಟ್ ಕೀ ಎಂಬ ಚೌಕದಲ್ಲಿ ತಮಗೊಪ್ಪಿದ ಕೀಲಿಯನ್ನು ಒತ್ತುವ ವಾಚಕರು ಬೇರೆ ಕೀಲಿಯನ್ನು ಆರಿಸಿಕೊಂಡು, 4ನ್ನು ರೂಪಾಯಿಗೆ ಬಿಟ್ಟುಕೊಡಬೇಕು.