ಟ್ಯಾಬ್ಲೆಟ್‌ನಿಂದ ಲೈವ್ ನಿಯಂತ್ರಣ: ಯಾವುದು ನಿಜ, ಯಾವುದು ತಪ್ಪು ತಿಳಿವಳಿಕೆ?

ಊರಿನ ಯಕ್ಷಗಾನ, ನೆಂಟರ ಮನೆಯ ಮದುವೆ, ದೇವಸ್ಥಾನದ ಉತ್ಸವ – ಈಗ ಎಲ್ಲವೂ ಯೂಟ್ಯೂಬ್‌ನಲ್ಲಿ ಲೈವ್. ಕ್ಯಾಮೆರಾಗಳ ಕೇಬಲ್ಲುಗಳೆಲ್ಲ ವೇದಿಕೆಯ ಪಕ್ಕದ ಲ್ಯಾಪ್‌ಟಾಪಿಗೆ ಬಂದು ಸೇರುತ್ತವೆ. ಅದನ್ನು ನಡೆಸುವವರು ಮಾತ್ರ ಹಿಂದಿನ ಸಾಲಿನಲ್ಲಿ ಕೂತು, ಕೈಯಲ್ಲಿರುವ ಟ್ಯಾಬ್ಲೆಟ್ ಮುಟ್ಟಿ ದೃಶ್ಯ ಬದಲಿಸುತ್ತಿರುತ್ತಾರೆ! ಇದನ್ನು ನೋಡಿದವರಿಗೆ ಅಚ್ಚರಿಯ ಜೊತೆ ಅನುಮಾನವೂ ಬರುತ್ತದೆ. ಬೇರೆ ಯಾರಾದರೂ ಹೀಗೆಯೇ ನಮ್ಮ ಲೈವ್ ನಿಲ್ಲಿಸಬಹುದೇ? ಇಂಥ ಆ್ಯಪ್ ಹಾಕಿಕೊಂಡರೆ ಬ್ಯಾಂಕ್ ಖಾತೆಗೆ ಅಪಾಯವೇ? ಒಂದೊಂದಾಗಿ ನೋಡೋಣ.

ಇದು ಕೆಲಸ ಮಾಡುವುದು ಹೇಗೆ?

ಲೈವ್ ಪ್ರಸಾರಕ್ಕೂ ರೆಕಾರ್ಡಿಂಗ್‌ಗೂ ಬಹಳ ಜನ ಬಳಸುವ ತಂತ್ರಾಂಶ ಒಬಿಎಸ್ ಸ್ಟುಡಿಯೋ. 2012ರಲ್ಲಿ ಶುರುವಾದ ಇದು ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ಇದರೊಳಗೆ 'ವೆಬ್‌ಸಾಕೆಟ್ ಸರ್ವರ್' ಎಂಬ ಬಾಗಿಲೊಂದಿದೆ. ಮೊದಲು ಇದನ್ನು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. 2022ರಲ್ಲಿ ಬಂದ 28ನೇ ಆವೃತ್ತಿಯಿಂದ ಒಬಿಎಸ್ ಜೊತೆಯಲ್ಲೇ ಬರುತ್ತದೆ. ಟ್ಯಾಬ್ಲೆಟ್‌ನಲ್ಲಿರುವ ಆ್ಯಪ್ ವೈಫೈ ಮೂಲಕ ಈ ಬಾಗಿಲಿಗೆ ಬಂದು 'ಎರಡನೇ ಕ್ಯಾಮೆರಾ ತೋರಿಸು', 'ಮೈಕ್ ಮ್ಯೂಟ್ ಮಾಡು', 'ರೆಕಾರ್ಡಿಂಗ್ ಶುರು ಮಾಡು' ಎಂಬಂಥ ಪುಟ್ಟ ಪುಟ್ಟ ಸಂದೇಶಗಳನ್ನು ಕೊಡುತ್ತದೆ. ಸಂಪರ್ಕ ತೆರೆದೇ ಇರುವುದರಿಂದ ಕಂಪ್ಯೂಟರಿನಲ್ಲಿ ಆದ ಬದಲಾವಣೆಯೂ ಆ ಕ್ಷಣವೇ ಟ್ಯಾಬ್ಲೆಟ್‌ನಲ್ಲಿ ಕಾಣುತ್ತದೆ.

ಅಂದರೆ ಟ್ಯಾಬ್ಲೆಟ್ ಇಲ್ಲಿ ಟೀವಿಯ ರಿಮೋಟ್ ಇದ್ದಂತೆ. ವೀಡಿಯೋ ಸಿದ್ಧಪಡಿಸುವ ಭಾರದ ಕೆಲಸವೆಲ್ಲ ಕಂಪ್ಯೂಟರಿನದೇ.

ತಪ್ಪು ತಿಳಿವಳಿಕೆ 1: ಟ್ಯಾಬ್ಲೆಟ್‌ನ ಡೇಟಾ ಖಾಲಿಯಾಗುತ್ತದೆ

ಇಲ್ಲ. ಟ್ಯಾಬ್ಲೆಟ್ ಮತ್ತು ಕಂಪ್ಯೂಟರ್ ಒಂದೇ ವೈಫೈನಲ್ಲಿದ್ದರೆ ಸಂದೇಶಗಳು ಆ ರೌಟರ್ ದಾಟಿ ಹೊರಗೆ ಹೋಗುವುದೇ ಇಲ್ಲ. ಇಂಟರ್ನೆಟ್ ಇಲ್ಲದಿದ್ದರೂ ರೆಕಾರ್ಡಿಂಗ್ ನಿಯಂತ್ರಿಸಬಹುದು. ಡೇಟಾ ಬೇಕಾಗುವುದು ಲೈವ್ ಕಳಿಸುವ ಕಂಪ್ಯೂಟರಿಗೆ. ಸೆಕೆಂಡಿಗೆ 4 ಮೆಗಾಬಿಟ್ ವೇಗದಲ್ಲಿ ಕಳಿಸಿದರೆ ಒಂದು ಗಂಟೆಗೆ ಸುಮಾರು 1.8 ಜಿಬಿ ಹೋಗುತ್ತದೆ.

ತಪ್ಪು ತಿಳಿವಳಿಕೆ 2: ಟ್ಯಾಬ್ಲೆಟ್ ಆಫ್ ಆದರೆ ಲೈವ್ ನಿಂತುಹೋಗುತ್ತದೆ

ನಿಲ್ಲುವುದಿಲ್ಲ. ರಿಮೋಟಿನ ಸೆಲ್ ಮುಗಿದರೆ ಟೀವಿ ಆರಿಹೋಗುವುದಿಲ್ಲವಲ್ಲ, ಹಾಗೆಯೇ. ಆದರೆ ನಿಜವಾದ ತೊಂದರೆ ಇರುವುದೂ ಇಲ್ಲೇ. ಟ್ಯಾಬ್ಲೆಟ್ ಆಫ್ ಆಯಿತು, ಲೈವ್ ಮುಗಿಯಿತು ಎಂದುಕೊಂಡು ಆಡಿದ ಮನೆಮಾತು, ಹಣದ ಲೆಕ್ಕ, ಎಲ್ಲವೂ ಊರಿಗೆಲ್ಲ ಕೇಳಿಸಬಹುದು! ಹಾಗಾಗಿ ಕಾರ್ಯಕ್ರಮ ಮುಗಿದ ಮೇಲೆ ಕಂಪ್ಯೂಟರಿನ ಬಳಿಗೇ ಹೋಗಿ ಲೈವ್ ನಿಂತಿದೆಯೇ ಎಂದು ಕಣ್ಣಾರೆ ನೋಡಬೇಕು. ಲೈವ್ ನಿಲ್ಲಿಸುವುದು, ರೆಕಾರ್ಡಿಂಗ್ ನಿಲ್ಲಿಸುವುದು ಎರಡು ಬೇರೆ ಬೇರೆ ಬಟನ್ ಎಂಬುದೂ ನೆನಪಿರಲಿ.

ಅರ್ಧ ಸತ್ಯ: ಅದೇ ವೈಫೈನಲ್ಲಿರುವ ಯಾರು ಬೇಕಾದರೂ ಲೈವ್ ಕೆಡಿಸಬಹುದು

ಪಾಸ್‌ವರ್ಡ್ ಇಲ್ಲದಿದ್ದರೆ ಇದು ನಿಜ. ಇದ್ದರೆ ಅಷ್ಟು ಸುಲಭವಲ್ಲ. ಒಬಿಎಸ್ ಪಾಸ್‌ವರ್ಡನ್ನು ಇದ್ದ ಹಾಗೇ ವೈಫೈನಲ್ಲಿ ಹರಿಯಬಿಡುವುದಿಲ್ಲ. ಕಂಪ್ಯೂಟರ್ ಪ್ರತಿಸಲ ಹೊಸದೊಂದು ಒಗಟು ಕೊಡುತ್ತದೆ, ಪಾಸ್‌ವರ್ಡ್ ಗೊತ್ತಿರುವ ಆ್ಯಪ್ ಮಾತ್ರ ಅದಕ್ಕೆ ಸರಿಯಾದ ಉತ್ತರ ಲೆಕ್ಕಹಾಕಿ ಕಳಿಸಬಲ್ಲದು.

ಪಾಸ್‌ವರ್ಡ್ ಬೇರೆಯವರ ಕೈಗೆ ಸಿಕ್ಕರೆ? ಅವರಿಗೆ ಸಿಗುವುದು ಒಬಿಎಸ್‌ನ ಹಿಡಿತ, ಇಡೀ ಕಂಪ್ಯೂಟರಿನದಲ್ಲ. ಆದರೂ ಅದನ್ನು ಸಣ್ಣದೆಂದು ಬಿಡುವಂತಿಲ್ಲ. ಲೈವ್ ನಿಲ್ಲಿಸಬಹುದು, ಮೈಕ್ ತೆರೆಯಬಹುದು, ಕಂಪ್ಯೂಟರಿನ ಪರದೆಯನ್ನೇ ದೃಶ್ಯವಾಗಿ ಸೇರಿಸಿ ನೋಡಬಹುದು. ನಿಮ್ಮ ಚಾನೆಲ್‌ಗೆ ವೀಡಿಯೋ ಕಳಿಸಲು ಬಳಸುವ 'ಸ್ಟ್ರೀಮ್ ಕೀ' ಕೂಡ ಅವರಿಗೆ ಸಿಗಬಹುದು. ಜೊತೆಗೆ, ಸಂಪರ್ಕವಾದ ಮೇಲೆ ಓಡಾಡುವ ಸಂದೇಶಗಳು ಗೂಢಲಿಪಿಯಲ್ಲಿ ಇರುವುದಿಲ್ಲ. ಆದ್ದರಿಂದ ಕಲ್ಯಾಣಮಂಟಪದಲ್ಲಿ ಎಲ್ಲರಿಗೂ ಕೊಟ್ಟಿರುವ ವೈಫೈ ಬೇಡ, ನಿಮ್ಮದೇ ಪುಟ್ಟ ರೌಟರ್ ಅಥವಾ ಹಾಟ್‌ಸ್ಪಾಟ್ ಇರಲಿ.

ತಪ್ಪು ತಿಳಿವಳಿಕೆ 3: ರಿಮೋಟ್ ಆ್ಯಪ್ ಎಂದರೆ ಹಣ ಹೋಯಿತೆಂದೇ ಅರ್ಥ

ಎರಡು ಬೇರೆ ಸಂಗತಿಗಳು ಇಲ್ಲಿ ಕಲಸಿಹೋಗಿವೆ. ಎನಿಡೆಸ್ಕ್‌ನಂಥ ಆ್ಯಪ್‌ಗಳು ನಿಮ್ಮ ಫೋನಿನ ಇಡೀ ಪರದೆಯನ್ನು ದೂರದಲ್ಲಿರುವವರಿಗೆ ತೋರಿಸಬಲ್ಲವು. ಅವು ತಮ್ಮಷ್ಟಕ್ಕೆ ಕೆಟ್ಟವಲ್ಲ. ಆದರೆ 'ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ' ಎಂದು ನಂಬಿಸಿ ಅವನ್ನು ಹಾಕಿಸಿ, ಕೋಡ್ ಕೇಳಿ ಪಡೆದು, ಹಣ ದೋಚುವವರಿದ್ದಾರೆ. 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಈ ಬಗೆಯ ವಂಚನೆಯ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ಒಬಿಎಸ್ ನಿಯಂತ್ರಿಸುವ ಆ್ಯಪ್ ಕೆಲಸ ಮಾಡುವುದು ತದ್ವಿರುದ್ಧವಾಗಿ: ಅದು ನಿಮ್ಮ ಟ್ಯಾಬ್ಲೆಟ್‌ನಿಂದ ನಿಮ್ಮದೇ ಕಂಪ್ಯೂಟರಿಗೆ ಆಜ್ಞೆ ಕಳಿಸುತ್ತದೆ, ನಿಮ್ಮ ಪರದೆಯನ್ನು ಯಾರಿಗೂ ತೋರಿಸುವುದಿಲ್ಲ. ಅದಕ್ಕೆ ಎಸ್ಸೆಮ್ಮೆಸ್ ಓದುವ ಅನುಮತಿಯಾಗಲಿ ಬ್ಯಾಂಕ್ ವಿವರವಾಗಲಿ ಬೇಕಿಲ್ಲ. ಕೇಳಿದರೆ ಆ ಆ್ಯಪ್ ಬೇಡವೇ ಬೇಡ. ಫಾರ್ವರ್ಡ್‌ನಲ್ಲಿ ಬಂದ ಎಪಿಕೆ ಫೈಲ್ ಹಾಕಿಕೊಳ್ಳಬೇಡಿ, ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದಲೇ ಪಡೆಯಿರಿ. ಒಬಿಎಸ್ ಬ್ಲೇಡ್ ಇಂಥದ್ದೊಂದು ಆ್ಯಪ್.

ಹೊಂದಿಸಿಕೊಳ್ಳುವುದು ಹೇಗೆ?

1. ಕಂಪ್ಯೂಟರ್, ಟ್ಯಾಬ್ಲೆಟ್ ಎರಡನ್ನೂ ಒಂದೇ ವೈಫೈಗೆ ಸೇರಿಸಿ.
2. ಒಬಿಎಸ್‌ನ 'ಟೂಲ್ಸ್' ಮೆನುವಿನಲ್ಲಿ 'ವೆಬ್‌ಸಾಕೆಟ್ ಸರ್ವರ್ ಸೆಟ್ಟಿಂಗ್ಸ್' ತೆರೆದು ಸರ್ವರ್ ಚಾಲೂ ಮಾಡಿ. ಪಾಸ್‌ವರ್ಡ್ ಕೇಳುವ ಆಯ್ಕೆಯನ್ನು ತೆಗೆಯಬೇಡಿ.
3. ಅಲ್ಲೇ ಸಂಪರ್ಕದ ವಿವರ ತೋರಿಸುವ ಬಟನ್ ಒತ್ತಿದರೆ ಐಪಿ ವಿಳಾಸ, ಪೋರ್ಟ್ ಸಂಖ್ಯೆ 4455, ಪಾಸ್‌ವರ್ಡ್ ಮತ್ತು ಕ್ಯೂಆರ್ ಕೋಡ್ ಕಾಣುತ್ತವೆ. ಇವನ್ನು ಆ್ಯಪ್‌ನಲ್ಲಿ ತುಂಬಿ. ಈ ಕ್ಯೂಆರ್ ಕೋಡ್‌ನಲ್ಲೇ ಪಾಸ್‌ವರ್ಡ್ ಅಡಗಿರುತ್ತದೆ. ಅದರ ಫೋಟೋ ತೆಗೆದು ಗ್ರೂಪಿಗೆ ಹಾಕಬೇಡಿ!

ಸಂಪರ್ಕ ಸಿಗದಿದ್ದರೆ ಮೂರು ಕಡೆ ನೋಡಿ. ವಿಂಡೋಸ್ ಫೈರ್‌ವಾಲ್ ತಡೆದಿರಬಹುದು, ಐಪಿ ವಿಳಾಸ ಬದಲಾಗಿರಬಹುದು, ಅಥವಾ ನೀವು 'ಗೆಸ್ಟ್' ವೈಫೈನಲ್ಲಿರಬಹುದು. ಗೆಸ್ಟ್ ವೈಫೈನಲ್ಲಿ ಸಾಧನಗಳು ಒಂದನ್ನೊಂದು ಕಾಣದಂತೆ ತಡೆದಿರುವುದು ಸಾಮಾನ್ಯ. ಏನೂ ಆಗಲಿಲ್ಲವೆಂದು ರೌಟರಿನಲ್ಲಿ 4455ನೇ ಪೋರ್ಟನ್ನು ಹೊರಜಗತ್ತಿಗೆ ತೆರೆದಿಡಬೇಡಿ. ಅದು ಬೀದಿಬಾಗಿಲು ತೆರೆದಿಟ್ಟು ಮಲಗಿದಂತೆ.

ರೆಕಾರ್ಡಿಂಗ್ ಬಗ್ಗೆಯೂ ಒಂದು ಮಾತು. ಮಾಮೂಲಿ ಎಂಪಿ4 ಆಗಿ ಉಳಿಸುತ್ತಿರುವಾಗ ಕರೆಂಟು ಹೋಗಿ ಕಂಪ್ಯೂಟರ್ ಆರಿದರೆ ಇಡೀ ಫೈಲ್ ತೆರೆಯದೇ ಹೋಗಬಹುದು. ಎಂಕೆವಿ ಆಗಿದ್ದರೆ ಅಲ್ಲಿಯವರೆಗಿನ ಭಾಗ ಉಳಿಯುತ್ತದೆ. ಆಮೇಲೆ ಒಬಿಎಸ್‌ನಲ್ಲೇ ಅದನ್ನು ಎಂಪಿ4ಗೆ ಬದಲಿಸಿಕೊಳ್ಳಬಹುದು. ತಾಳಿ ಕಟ್ಟುವ ಕ್ಷಣವನ್ನು ಎರಡನೇ ಸಲ ರೆಕಾರ್ಡ್ ಮಾಡಲು ಆಗುವುದಿಲ್ಲವಲ್ಲ!

ಒಟ್ಟಿನಲ್ಲಿ, ಟ್ಯಾಬ್ಲೆಟ್‌ನಿಂದ ಲೈವ್ ನಡೆಸುವುದು ಹೆದರಬೇಕಾದ ಸಂಗತಿಯಲ್ಲ. ಪಾಸ್‌ವರ್ಡ್ ಇರಲಿ, ವೈಫೈ ನಿಮ್ಮದಿರಲಿ, ಕೊನೆಗೆ ಕಂಪ್ಯೂಟರ್ ನೋಡಿ ಏಳುವ ಅಭ್ಯಾಸವಿರಲಿ. ಯಾರೋ ಫೋನ್ ಮಾಡಿ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಎಂದರೆ ಮಾತ್ರ ತಕ್ಷಣ ಕರೆ ಕತ್ತರಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ. ಫಾರ್ವರ್ಡ್ ಮಾಡುವುದಾದರೆ ಈ ಸಂಖ್ಯೆಯನ್ನು ಮಾಡಿ!